113ರ ಲೆಕ್ಕ: ಅಧ್ಯಕ್ಷರು, ಸಂಸತ್ತು ಮತ್ತು ನಮ್ಮ ನಾಲ್ಕು ತಾಲ್ಲೂಕು

ನಮ್ಮ ಮೆಸ್ ಟೇಬಲ್‌ನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಊರಿನ ಹೆಸರೇ ಹೆಸರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ನಾಲ್ಕು ತಾಲ್ಲೂಕು, ನಾಲ್ಕು ತಟ್ಟೆ, ಒಂದೇ ಚಿತ್ರಾನ್ನ. 2025ರ ಸೆಪ್ಟೆಂಬರ್ 9ರ ಬೆಳಿಗ್ಗೆ ಮಾಲೂರು ಫೋನ್ ನೋಡ್ತಾ ಹೇಳಿದ: “ಲೋ, ಫ್ರಾನ್ಸ್ ಪ್ರಧಾನಿ ಬಿದ್ದೋದ್ನಂತೆ. ವಿರುದ್ಧ 364, ಪರ 194.”

“ಹಂಗಾದ್ರೆ ಮ್ಯಾಕ್ರಾನ್ ಮನೆಗೆ ಹೋದ್ನಾ?” ಅಂತ ಕೋಲಾರ.

“ಇಲ್ಲ ಕಣೋ, ಮ್ಯಾಕ್ರಾನ್ ಪ್ರೆಸಿಡೆಂಟು. ಅವ್ನು ಹಂಗೇ ಇದಾನೆ. ಇನ್ನೊಬ್ಬ ಪ್ರಧಾನಿನ ನೇಮಿಸ್ತಾನೆ.”

“ಇದ್ಯಾವ ಸೀಮೆ ಸರ್ಕಾರ? ಸಂಸತ್ತಲ್ಲಿ ಸೋತ್ರೂ ದೊಡ್ಡೋನು ಅಲ್ಲೇ ಇರ್ತಾನಾ?” ಅಂತ ಮುಳಬಾಗಿಲು ಕೇಳಿದ.

ನಾವು ನಾಲ್ಕೂ ಜನ ಭಾರತದ ಸಂವಿಧಾನದ ಪೇಪರ್ ಪಾಸ್ ಮಾಡಿದವರೇ. ಆಯ್ಕೆ ಎ, ಬಿ, ಸಿ, ಡಿ ಟಿಕ್ ಹಾಕಿ ಬಂದವರು. ಆದರೆ ಮುಳಬಾಗಿಲಿನ ಪ್ರಶ್ನೆಗೆ ಒಬ್ಬರಿಗೂ ಸರಿಯಾದ ಉತ್ತರ ಬರಲಿಲ್ಲ. ಆಮೇಲೆ ಕೂತು ಓದಿದಾಗ ಗೊತ್ತಾಗಿದ್ದು ಒಂದೇ: ಈ ಪ್ರಶ್ನೆ ಪ್ಯಾರಿಸ್‌ದು ಮಾತ್ರ ಅಲ್ಲ. ನಮ್ಮ ನಾಲ್ಕು ತಾಲ್ಲೂಕಿನ ವೋಟು ಕೂಡ ಇದೇ ಪ್ರಶ್ನೆಯ ಒಳಗಡೆ ಇದೆ. ಮುಂದಿನ ವಿಧಾನಸಭೆ ಚುನಾವಣೆಯಲ್ಲಿ ನಮ್ಮಲ್ಲಿ ಬಹಳ ಜನ ಮೊದಲ ಸಲ ವೋಟು ಹಾಕೋರು. ಹಾಕೋ ಮೊದಲು ಆ ವೋಟು ಎಲ್ಲಿಗೆ ಹೋಗಿ ಏನು ಮಾಡುತ್ತೆ ಅಂತ ತಿಳಿದಿರಲಿ ಅನ್ನೋದಕ್ಕೆ ಈ ಲೇಖನ.

ಎರಡೇ ಪ್ರಶ್ನೆ

ಯಾವುದೇ ದೇಶದ ಸರ್ಕಾರ ಅರ್ಥ ಆಗಬೇಕಾದರೆ ಎರಡು ಪ್ರಶ್ನೆ ಸಾಕು. ಸರ್ಕಾರ ನಡೆಸೋರನ್ನ ಆರಿಸೋರು ಯಾರು? ಅವಧಿ ಮುಗಿಯೋ ಮೊದಲೇ ಅವರನ್ನ ಕೆಳಗಿಳಿಸಬಲ್ಲವರು ಯಾರು?

ಅಮೆರಿಕದಲ್ಲಿ ಅಧ್ಯಕ್ಷರನ್ನ ಆರಿಸೋಕೆ ಪ್ರತ್ಯೇಕ ಚುನಾವಣೆ. ನಾಲ್ಕು ವರ್ಷದ ಅವಧಿ. ಅವರ ನೀತಿ ಹಿಡಿಸಲಿಲ್ಲ ಅಂತ ಅಲ್ಲಿನ ಕಾಂಗ್ರೆಸ್ ಅವರನ್ನ ಇಳಿಸೋ ಹಾಗಿಲ್ಲ. ಮಹಾಭಿಯೋಗ ಅನ್ನೋದು ಗಂಭೀರ ಅಪರಾಧದ ಆರೋಪಕ್ಕೆ ಮಾತ್ರ. ಇದು ಅಧ್ಯಕ್ಷೀಯ ಪದ್ಧತಿ.

ನಮ್ಮಲ್ಲಿ ಪ್ರಧಾನಿಯನ್ನಾಗಲಿ ಮುಖ್ಯಮಂತ್ರಿಯನ್ನಾಗಲಿ ಜನ ನೇರವಾಗಿ ಆರಿಸೋದಿಲ್ಲ. ನಾವು ಎಂಪಿ, ಎಂಎಲ್‌ಎ ಆರಿಸ್ತೀವಿ. ಸದನದಲ್ಲಿ ಯಾರ ಹಿಂದೆ ಬಹುಮತ ಇದೆಯೋ ಅವರು ಸರ್ಕಾರ ಮಾಡ್ತಾರೆ, ಬಹುಮತ ಹೋದ ದಿನ ಇಳೀತಾರೆ. ಇದು ಸಂಸದೀಯ ಪದ್ಧತಿ.

ಮೂರನೆಯದು ಇವೆರಡರ ನಡುವಿನದು: ಅರೆ-ಅಧ್ಯಕ್ಷೀಯ ಪದ್ಧತಿ. ಇಲ್ಲಿ ಜನ ಎರಡು ಬೇರೆ ಬೇರೆ ವೋಟು ಹಾಕ್ತಾರೆ, ಒಂದು ಅಧ್ಯಕ್ಷರಿಗೆ, ಇನ್ನೊಂದು ಸಂಸತ್ತಿಗೆ. ಅಧ್ಯಕ್ಷರ ಜೊತೆಗೆ ಒಬ್ಬ ಪ್ರಧಾನಿ, ಒಂದು ಸಚಿವ ಸಂಪುಟ ಇರುತ್ತೆ. ಆ ಸಂಪುಟವನ್ನ ಸಂಸತ್ತು ಬೀಳಿಸಬಹುದು, ಅಧ್ಯಕ್ಷರನ್ನ ಬೀಳಿಸೋಕಾಗಲ್ಲ. ಈ ಪದ್ಧತಿಗೆ ಈ ಹೆಸರು ಕೊಟ್ಟು ಪ್ರಸಿದ್ಧಿಗೆ ತಂದವರು ಫ್ರಾನ್ಸಿನ ವಿದ್ವಾಂಸ ಮಾರಿಸ್ ಡುವರ್ಜೆ.

ಮುಳಬಾಗಿಲಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 2025ರ ಸೆಪ್ಟೆಂಬರ್ 8ರಂದು ಸೋತದ್ದು ಪ್ರಧಾನಿ ಫ್ರಾಂಸ್ವಾ ಬೈರೂ. ಅವರು ನಿಂತಿದ್ದು ಸಂಸತ್ತಿನ ವೋಟಿನ ಮೇಲೆ, ಆ ವೋಟು ಹೋಯ್ತು, ಅವರೂ ಹೋದರು. ಮ್ಯಾಕ್ರಾನ್ ನಿಂತಿದ್ದು ಜನರ ಇನ್ನೊಂದು ವೋಟಿನ ಮೇಲೆ. ಅದನ್ನ ಸಂಸತ್ತು ವಾಪಸ್ ತಗೊಳ್ಳೋಕೆ ಬರಲ್ಲ.

ಒಂದೇ ಮನೆಯಲ್ಲಿ ಇಬ್ಬರು ಯಜಮಾನರು

ಫ್ರಾನ್ಸಿನ ಈಗಿನ ಸಂವಿಧಾನ 1958ರದು. ಜನರೇ ಅಧ್ಯಕ್ಷರನ್ನ ನೇರವಾಗಿ ಆರಿಸಬೇಕು ಅಂತ ತೀರ್ಮಾನ ಆಗಿದ್ದು 1962ರ ಜನಮತಗಣನೆಯಲ್ಲಿ. ಪ್ರಧಾನಿಯನ್ನ ನೇಮಿಸೋರು ಅಧ್ಯಕ್ಷರು. ಸಂಪುಟ ಸಭೆಯ ಅಧ್ಯಕ್ಷತೆ ಅವರದೇ, ಸೇನೆಯ ಮುಖ್ಯಸ್ಥರೂ ಅವರೇ. ಸಂಸತ್ತಿನ ಕೆಳಮನೆಯನ್ನ ಅವರು ವಿಸರ್ಜಿಸಬಹುದು. ಆದರೆ ಹಾಗೆ ವಿಸರ್ಜಿಸಿ ಚುನಾವಣೆ ಆದಮೇಲೆ ಒಂದು ವರ್ಷ ಮತ್ತೆ ವಿಸರ್ಜಿಸೋ ಹಾಗಿಲ್ಲ. ಇತ್ತ 577 ಸದಸ್ಯರ ಆ ಕೆಳಮನೆ ಅವಿಶ್ವಾಸ ನಿರ್ಣಯ ಮಾಡಿ ಪ್ರಧಾನಿಯನ್ನ ಇಳಿಸಬಹುದು. ಅಂದ್ರೆ ಪ್ರಧಾನಿಗೆ ಇಬ್ಬರು ಮೇಲಧಿಕಾರಿಗಳು: ನೇಮಿಸಿದವರು ಒಬ್ಬರು, ಉಳಿಸೋರು ಇನ್ನೊಬ್ಬರು.

ಅಧ್ಯಕ್ಷರ ಪಕ್ಷಕ್ಕೇ ಸಂಸತ್ತಲ್ಲಿ ಬಹುಮತ ಇದ್ದರೆ ಎಲ್ಲ ಸಲೀಸು. ಆಗ ಪ್ರಧಾನಿ ಅಧ್ಯಕ್ಷರ ಮಾತು ನಡೆಸಿಕೊಡೋರು ಅಷ್ಟೇ. ಎರಡು ವೋಟು ಎರಡು ದಿಕ್ಕಿಗೆ ಹೋದಾಗಲೇ ತಮಾಷೆ ಶುರು. 1981ರಲ್ಲಿ ಸಮಾಜವಾದಿ ಮಿತ್ತರಾಂ ಅಧ್ಯಕ್ಷರಾದರು. 1986ರ ಸಂಸತ್ ಚುನಾವಣೆಯಲ್ಲಿ ಬಲಪಂಥೀಯರು ಗೆದ್ದರು. ಮಿತ್ತರಾಂ ಬೇರೆ ದಾರಿ ಇಲ್ಲದೆ ವಿರೋಧಿ ನಾಯಕ ಜಾಕ್ ಶಿರಾಕ್‌ರನ್ನೇ ಪ್ರಧಾನಿ ಮಾಡಿದರು. ಶಿರಾಕ್ ಸರ್ಕಾರ ಸರ್ಕಾರಿ ಉದ್ಯಮಗಳನ್ನ ಖಾಸಗಿಯವರಿಗೆ ಮಾರೋಕೆ ಸುಗ್ರೀವಾಜ್ಞೆ ತಂದಾಗ ಮಿತ್ತರಾಂ ಸಹಿ ಹಾಕಲ್ಲ ಅಂದರು. ಸರ್ಕಾರ ಸುಮ್ಮನಾಗಲಿಲ್ಲ, ಅದನ್ನೇ ಮಸೂದೆ ಮಾಡಿ ಸಂಸತ್ತಿನಲ್ಲಿ ಪಾಸ್ ಮಾಡಿಸಿಕೊಂಡಿತು.

ಫ್ರೆಂಚರು ಇದಕ್ಕೆ ‘ಸಹಬಾಳ್ವೆ’ ಅಂತಾರೆ. ಮನಸ್ಸಿಲ್ಲದಿದ್ದರೂ ಒಂದೇ ಸೂರಿನ ಕೆಳಗೆ ಬದುಕೋದು. ಇದು ಮೂರು ಸಲ ಆಗಿದೆ: 1986ರಿಂದ 88, 1993ರಿಂದ 95, ಮತ್ತೆ 1997ರಿಂದ 2002. ಆ ಕಾಲದಲ್ಲೆಲ್ಲ ದೇಶದ ಒಳಗಿನ ಆಡಳಿತ ಪ್ರಧಾನಿ ಕೈಗೆ ಬಂತು. ವಿದೇಶಾಂಗ ಮತ್ತು ರಕ್ಷಣೆಯಲ್ಲಿ ಮಾತ್ರ ಅಧ್ಯಕ್ಷರ ಹಿಡಿತ ಉಳಿಯಿತು. ಸಂವಿಧಾನದಲ್ಲಿ ಒಂದಕ್ಷರ ಬದಲಾಗಲಿಲ್ಲ. ಬದಲಾಗಿದ್ದು ಸದನದ ತಲೆ ಎಣಿಕೆ. ಅಧ್ಯಕ್ಷರ ಕೈಲಿದ್ದ ಅರ್ಧ ಅಧಿಕಾರ ಆ ಎಣಿಕೆಯ ಜೊತೆಗೇ ನದಿ ದಾಟಿ ಪ್ರಧಾನಿ ಕಚೇರಿಗೆ ಹೋಯ್ತು.

ನಮ್ಮಲ್ಲೂ ಇಬ್ಬರಿದ್ದಾರಲ್ಲ?

ಇಷ್ಟು ಹೇಳೋ ಹೊತ್ತಿಗೆ ಶ್ರೀನಿವಾಸಪುರ ಕೇಳಿದ: “ನಮ್ಮಲ್ಲೂ ರಾಜ್ಯಪಾಲರು, ಮುಖ್ಯಮಂತ್ರಿ ಅಂತ ಇಬ್ಬರಿದ್ದಾರಲ್ಲ. ಅದೂ ಅರೆ-ಅಧ್ಯಕ್ಷೀಯ ಅಲ್ವಾ?”

ಒಳ್ಳೇ ಪ್ರಶ್ನೆ. ಇಬ್ಬರಿದ್ದಾರೆ ನಿಜ. ಆದರೆ ರಾಜ್ಯಪಾಲರಿಗೆ ಯಾರೂ ವೋಟು ಹಾಕಿಲ್ಲ, ಅವರನ್ನ ನೇಮಿಸೋರು ರಾಷ್ಟ್ರಪತಿ. ಸಂವಿಧಾನದ 163ನೇ ವಿಧಿ ಪ್ರಕಾರ, ಕೆಲವು ವಿಷಯ ಬಿಟ್ಟರೆ ಅವರು ಸಂಪುಟದ ಸಲಹೆಯಂತೆ ನಡೀಬೇಕು. 164ನೇ ವಿಧಿ ಪ್ರಕಾರ ಸಂಪುಟ ಜವಾಬ್ದಾರಿಯಾಗಿರೋದು ವಿಧಾನಸಭೆಗೆ, ರಾಜಭವನಕ್ಕಲ್ಲ.

ಡ್ರೈವಿಂಗ್ ಸ್ಕೂಲ್ ಕಾರು ನೋಡಿದೀರಲ್ಲ? ಕಲಿಸೋರ ಕಾಲ ಹತ್ರನೂ ಒಂದು ಬ್ರೇಕ್ ಇರುತ್ತೆ, ಸ್ಟೀರಿಂಗ್ ಮಾತ್ರ ಒಂದೇ. ರಾಜ್ಯಪಾಲರ ಸ್ಥಾನ ಹೆಚ್ಚುಕಡಿಮೆ ಅಂಥದ್ದು. ಫ್ರಾನ್ಸ್ ಮಾದರಿಯಲ್ಲಿ ಎರಡು ಕಡೆನೂ ಸ್ಟೀರಿಂಗ್ ಇದೆ.

ಇದು ತಾನಾಗಿ ಬಂದದ್ದಲ್ಲ. ಹಳೇ ಮೈಸೂರು ಸಂಸ್ಥಾನದಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತು. ಸಭೆ ಅಹವಾಲು ಹೇಳಬಹುದಿತ್ತು, ದಿವಾನರನ್ನ ಇಳಿಸೋ ಹಾಗಿರಲಿಲ್ಲ. ದಿವಾನರು ಉತ್ತರ ಕೊಡಬೇಕಾಗಿದ್ದದ್ದು ಮಹಾರಾಜರಿಗೆ. ಇದು ಬದಲಾಗಿದ್ದು 1947ರ ‘ಮೈಸೂರು ಚಲೋ’ ಚಳವಳಿಯಿಂದ. ಜವಾಬ್ದಾರಿ ಸರ್ಕಾರ ಬೇಕು ಅನ್ನೋದೇ ಆ ಚಳವಳಿಯ ಬೇಡಿಕೆ. ಆ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಮುಖ್ಯಮಂತ್ರಿಯಾದವರು ನಮ್ಮದೇ ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಸಿ. ರೆಡ್ಡಿ.

ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರೇ 1950ರ ಜನವರಿ 26ಕ್ಕೆ ರಾಜಪ್ರಮುಖರಾದರು, 1956ರ ನವೆಂಬರ್ 1ಕ್ಕೆ ರಾಜ್ಯಪಾಲರಾದರು. ಒಬ್ಬರೇ ವ್ಯಕ್ತಿ, ಒಂದೇ ಊರು, ಮೂರು ಕುರ್ಚಿ. ಮೊದಲ ಕುರ್ಚಿಯಲ್ಲಿ ದಿವಾನರನ್ನೇ ಬದಲಾಯಿಸಬಹುದಿತ್ತು, ಕೊನೆಯ ಕುರ್ಚಿಯಲ್ಲಿ ಸಂಪುಟದ ಸಲಹೆಗೆ ಸಹಿ ಹಾಕಬೇಕಿತ್ತು. ವ್ಯಕ್ತಿಯ ತೂಕದಿಂದ ಅಧಿಕಾರ ಬರಲ್ಲ, ಕೂತಿರೋ ಕುರ್ಚಿಯ ಬೇರು ಎಲ್ಲಿದೆ ಅನ್ನೋದರಿಂದ ಬರುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ಬ್ರೇಕ್ ಒತ್ತಿದ ದಿನ: 1989

ಬ್ರೇಕ್ ಇದೆ ಅಂದಮೇಲೆ ಯಾವಾಗ ಒತ್ತಬೇಕು ಅನ್ನೋ ಜಗಳ ಇದ್ದೇ ಇರುತ್ತೆ. 1989ರ ಏಪ್ರಿಲ್‌ನಲ್ಲಿ ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿ, ಪಿ. ವೆಂಕಟಸುಬ್ಬಯ್ಯ ರಾಜ್ಯಪಾಲರು. 19 ಶಾಸಕರು ಬೆಂಬಲ ವಾಪಸ್ ತಗೊಂಡಿದ್ದಾರೆ ಅನ್ನೋ ಪತ್ರಗಳು ರಾಜಭವನ ಸೇರಿದವು. ಬೆನ್ನಿಗೇ ಅವರಲ್ಲಿ ಏಳು ಜನ ‘ನಮ್ಮ ಬೆಂಬಲ ಇದೆ’ ಅಂತ ತಿರುಗಿ ಬರೆದರು. ಸದನ ಕರೆಯಿರಿ, ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ, ದೆಹಲಿಗೆ ವರದಿ ಕಳಿಸಿದರು. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು.

ಬೊಮ್ಮಾಯಿ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನೋದನ್ನ ರಾಜ್ಯಪಾಲರು ತಮ್ಮ ಕೋಣೆಯಲ್ಲಿ ಕೂತು ಅಂದಾಜು ಮಾಡೋ ಹಾಗಿಲ್ಲ, ಅದು ಸದನದಲ್ಲೇ ಪರೀಕ್ಷೆ ಆಗಬೇಕು ಅನ್ನೋದು ಆ ತೀರ್ಪಿನ ತಿರುಳು. ಅಷ್ಟರಲ್ಲಿ ಹೊಸ ಚುನಾವಣೆ ಮುಗಿದಿತ್ತು, ಬೊಮ್ಮಾಯಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಇಡೀ ದೇಶಕ್ಕೆ ಒಂದು ನಿಯಮ ಸಿಕ್ಕಿತು. ಅದೂ ಕರ್ನಾಟಕದ ಹೆಸರಲ್ಲಿ.

2018: ಇಲ್ಲೂ 113, ಅಲ್ಲೂ 113

ಎರಡು ಪದ್ಧತಿಯ ವ್ಯತ್ಯಾಸ ಪಕ್ಕಪಕ್ಕದಲ್ಲಿ ನೋಡಬೇಕಾದರೆ 2018ಕ್ಕೆ ಬನ್ನಿ. ನಾವೆಲ್ಲ ಆಗ ಪ್ರೈಮರಿ, ಹೈಸ್ಕೂಲು.

ಕರ್ನಾಟಕ ವಿಧಾನಸಭೆಗೆ ಚುನಾಯಿತ ಸ್ಥಾನ 224, ಬಹುಮತಕ್ಕೆ 113. ಶ್ರೀಲಂಕಾ ಸಂಸತ್ತಿನಲ್ಲಿ 225 ಸ್ಥಾನ, ಅಲ್ಲೂ ಬಹುಮತಕ್ಕೆ 113. ಆ ವರ್ಷ ಎರಡೂ ಕಡೆ ‘113 ಯಾರ ಹತ್ರ ಇದೆ’ ಅನ್ನೋ ಪ್ರಶ್ನೆಯೇ ಬಿಕ್ಕಟ್ಟಾಯ್ತು.

ಮೊದಲು ಬೆಂಗಳೂರು. ಮೇ 12ರಂದು 222 ಕ್ಷೇತ್ರಗಳಿಗೆ ಮತದಾನ. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37, ಇತರರು 3. ಅತಿ ದೊಡ್ಡ ಪಕ್ಷ ನಮ್ಮದು ಅಂತ ಬಿಜೆಪಿ, ನಾವಿಬ್ಬರು ಸೇರಿದರೆ ಬಹುಮತ ಅಂತ ಕಾಂಗ್ರೆಸ್-ಜೆಡಿಎಸ್. ರಾಜ್ಯಪಾಲ ವಜುಭಾಯಿ ವಾಲಾ ಬಿ. ಎಸ್. ಯಡಿಯೂರಪ್ಪನವರನ್ನ ಕರೆದು, ಬಹುಮತ ತೋರಿಸೋಕೆ 15 ದಿನ ಕೊಟ್ಟರು. ಮಧ್ಯರಾತ್ರಿ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ ನಡೀತು. ಕೋರ್ಟು ಪ್ರಮಾಣವಚನ ತಡೀಲಿಲ್ಲ, ಮೇ 17ಕ್ಕೆ ಅದು ಆಯ್ತು. ಮರುದಿನ ಕೋರ್ಟು ‘15 ದಿನ ಇಲ್ಲ, ನಾಳೆ ಸಂಜೆ 4ಕ್ಕೇ ಸದನದಲ್ಲಿ ತೋರಿಸಿ’ ಅಂತ ಆದೇಶ ಕೊಟ್ಟಿತು. ಮೇ 19ರಂದು ಮತಕ್ಕೆ ಹಾಕೋ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಪ್ರಮಾಣವಚನದಿಂದ ರಾಜೀನಾಮೆವರೆಗೆ ಮೂರು ದಿನ. ಅಡಿಪಾಯ ಅದೇ ಬೊಮ್ಮಾಯಿ ತೀರ್ಪು.

ಈಗ ಕೊಲಂಬೊ. ಶ್ರೀಲಂಕಾದ 1978ರ ಸಂವಿಧಾನದಲ್ಲಿ ಅಧ್ಯಕ್ಷರನ್ನ ಜನರೇ ಆರಿಸ್ತಾರೆ. ಅಧ್ಯಕ್ಷರೇ ಸಂಪುಟದ ಮುಖ್ಯಸ್ಥರು. ಜೊತೆಗೆ ಸಂಸತ್ತಿನ ವಿಶ್ವಾಸ ಬೇಕಾದ ಪ್ರಧಾನಿಯೂ ಇರ್ತಾರೆ. 2018ರ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರನ್ನ ತೆಗೆದು ಮಹಿಂದ ರಾಜಪಕ್ಸರನ್ನ ಕೂರಿಸಿದರು. ಸಂಸತ್ ಅಧಿವೇಶನ ಮುಂದೂಡಿದರು. ರಾಜಪಕ್ಸರಿಗೆ 113 ಸೇರಲಿಲ್ಲ. ನವೆಂಬರ್ 9ಕ್ಕೆ ಸಂಸತ್ತನ್ನೇ ವಿಸರ್ಜಿಸಿದರು. ಆದರೆ 2015ರ 19ನೇ ತಿದ್ದುಪಡಿ ಪ್ರಕಾರ ಸಂಸತ್ತಿಗೆ ನಾಲ್ಕೂವರೆ ವರ್ಷ ತುಂಬೋವರೆಗೆ, ಸಂಸತ್ತೇ ಮೂರನೇ ಎರಡರಷ್ಟು ಬಹುಮತದಿಂದ ಕೇಳದ ಹೊರತು, ವಿಸರ್ಜನೆ ಮಾಡೋ ಹಾಗಿರಲಿಲ್ಲ. ಸುಪ್ರೀಂ ಕೋರ್ಟ್ ವಿಸರ್ಜನೆಗೆ ತಡೆ ಕೊಟ್ಟಿತು. ಸದನ ಸೇರಿ ಅವಿಶ್ವಾಸ ನಿರ್ಣಯ ಮಾಡಿತು. ನವೆಂಬರ್ 16ರಂದು ಸದನದೊಳಗೆ ಕಾರದ ಪುಡಿ ಎರಚಾಡಿದರು. ಡಿಸೆಂಬರ್ 13ಕ್ಕೆ ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ವಿಸರ್ಜನೆ ಸಂವಿಧಾನಬಾಹಿರ ಅಂದರು. 16ಕ್ಕೆ ರನಿಲ್ ಮತ್ತೆ ಪ್ರಮಾಣವಚನ ತಗೊಂಡರು.

ಬೆಂಗಳೂರಲ್ಲಿ ಮೂರು ದಿನ, ಕೊಲಂಬೊದಲ್ಲಿ 51 ದಿನ. ಎರಡೂ ಕಡೆ ಕೋರ್ಟು ಇತ್ತು, ಎರಡೂ ಕಡೆ ಕೊನೆಗೆ ಗೆದ್ದದ್ದು ಸದನದ ಎಣಿಕೆ. ಆದರೆ ‘ನನಗೂ ಜನ ವೋಟು ಹಾಕಿದ್ದಾರೆ’ ಅನ್ನೋ ಮಾತು ಕೊಲಂಬೊದ ಅಧ್ಯಕ್ಷರ ಬಾಯಲ್ಲಿ ಬರಬಹುದು, ಬೆಂಗಳೂರಿನ ರಾಜಭವನದಿಂದ ಬರೋಕೆ ಸಾಧ್ಯವಿಲ್ಲ. ಇಬ್ಬರಿಗೂ ಜನರ ವೋಟಿನ ಬಲ ಇದ್ದಾಗ ಜಗಳ ಉದ್ದ ಆಗುತ್ತೆ. ಅರೆ-ಅಧ್ಯಕ್ಷೀಯ ಪದ್ಧತಿಯ ದೊಡ್ಡ ಅಪಾಯ ಇದೇ.

2019: ಎಣಿಕೆಯೇ ಅಲುಗಾಡಿದಾಗ

ಹಾಗಾದರೆ ನಮ್ಮ ಪದ್ಧತಿ ಸುರಕ್ಷಿತ ಅಂತ ನೆಮ್ಮದಿಯಾಗಿ ಇರಬಹುದಾ? ನಮ್ಮ ನಾಲ್ಕು ತಾಲ್ಲೂಕು ನೋಡಿ ಹೇಳಿ.

2018ರಲ್ಲಿ ಕೋಲಾರದಿಂದ ಜೆಡಿಎಸ್‌ನ ಕೆ. ಶ್ರೀನಿವಾಸಗೌಡ, ಮಾಲೂರಿನಿಂದ ಕಾಂಗ್ರೆಸ್‌ನ ಕೆ. ವೈ. ನಂಜೇಗೌಡ, ಶ್ರೀನಿವಾಸಪುರದಿಂದ ಕಾಂಗ್ರೆಸ್‌ನ ಕೆ. ಆರ್. ರಮೇಶ್ ಕುಮಾರ್, ಮುಳಬಾಗಿಲಿನಿಂದ ಪಕ್ಷೇತರ ಎಚ್. ನಾಗೇಶ್ ಗೆದ್ದರು. ಮೇ 25ರಂದು ರಮೇಶ್ ಕುಮಾರ್ ಅವಿರೋಧವಾಗಿ ಸ್ಪೀಕರ್ ಆದರು. 1994ರಿಂದ 99ರವರೆಗೂ ಅವರು ಅದೇ ಕುರ್ಚಿಯಲ್ಲಿದ್ದವರು. ಅದೇ ದಿನ ಎಚ್. ಡಿ. ಕುಮಾರಸ್ವಾಮಿ ಸರ್ಕಾರ ವಿಶ್ವಾಸಮತ ಗೆದ್ದಿತು.

ಒಂದು ವರ್ಷ ಕಳೀತು. ಮುಳಬಾಗಿಲಿನ ನಾಗೇಶ್ 2019ರ ಜೂನ್‌ನಲ್ಲಿ ಆ ಸರ್ಕಾರದಲ್ಲಿ ಮಂತ್ರಿಯಾದರು. ಜುಲೈ 8ಕ್ಕೆ ರಾಜೀನಾಮೆ ಕೊಟ್ಟು ಬೆಂಬಲ ವಾಪಸ್ ತಗೊಂಡರು. ಆಗಸ್ಟ್‌ನಲ್ಲಿ ಮುಂದಿನ ಸರ್ಕಾರದಲ್ಲಿ ಮಂತ್ರಿಯಾದರು. ಅದೇ ಜುಲೈನಲ್ಲಿ ಆಡಳಿತ ಪಕ್ಷಗಳ ಶಾಸಕರ ರಾಜೀನಾಮೆ ಒಂದರ ಮೇಲೊಂದು ಬಂದವು. ಆ ರಾಜೀನಾಮೆ ಒಪ್ಪಬೇಕಾ, ಅವರನ್ನ ಅನರ್ಹ ಮಾಡಬೇಕಾ ಅನ್ನೋ ತೀರ್ಮಾನ ಸ್ಪೀಕರ್ ಕೈಲಿ, ಅಂದ್ರೆ ಶ್ರೀನಿವಾಸಪುರದ ಶಾಸಕರ ಕೈಲಿ.

ರಾಜ್ಯಪಾಲರು ಮುಖ್ಯಮಂತ್ರಿಗೆ ಪತ್ರ ಬರೆದು ಜುಲೈ 19ರ ಮಧ್ಯಾಹ್ನ 1.30ರೊಳಗೆ ಬಹುಮತ ತೋರಿಸಿ ಅಂದರು, ಆಮೇಲೆ ದಿನ ಮುಗಿಯೋದರೊಳಗೆ ಅಂದರು. ಎರಡೂ ಗಡುವು ದಾಟಿತು. ಸದನದ ಕಲಾಪ ಹೇಗೆ ನಡೀಬೇಕು ಅನ್ನೋದು ಸ್ಪೀಕರ್‌ಗೆ ಬಿಟ್ಟ ವಿಷಯ ಅಂತ ಒಂದು ಕಡೆ ವಾದ, ಬಹುಮತ ಇಲ್ಲದ ಸರ್ಕಾರ ಚರ್ಚೆಯ ನೆಪದಲ್ಲಿ ಕಾಲ ಕಳೀತಿದೆ ಅಂತ ಇನ್ನೊಂದು ಕಡೆ ವಾದ. ಕೊನೆಗೆ ಜುಲೈ 23ಕ್ಕೆ ಮತ: ಪರ 99, ವಿರುದ್ಧ 105. ಸರ್ಕಾರ ಬಿತ್ತು. ಸ್ಪೀಕರ್ 17 ಶಾಸಕರನ್ನ ಅನರ್ಹ ಮಾಡಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಆ ಅನರ್ಹತೆಯನ್ನ ಎತ್ತಿಹಿಡೀತು, ಆದರೆ ಆ ವಿಧಾನಸಭೆಯ ಅವಧಿ ಮುಗಿಯೋವರೆಗೂ ಅವರು ಚುನಾವಣೆಗೆ ನಿಲ್ಲಬಾರದು ಅನ್ನೋ ಭಾಗವನ್ನ ತೆಗೆದುಹಾಕಿತು.

ಇಲ್ಲಿ ಯಾರು ಸರಿ ಯಾರು ತಪ್ಪು ಅಂತ ನಮ್ಮ ಟೇಬಲ್‌ನಲ್ಲಿ ಇವತ್ತಿಗೂ ಒಮ್ಮತ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಎಲ್ಲರೂ ಒಪ್ತೀವಿ. ಸಂಸದೀಯ ಪದ್ಧತಿಯಲ್ಲಿ ಎಲ್ಲ ಅಧಿಕಾರವೂ ಒಂದು ಎಣಿಕೆಯ ಮೇಲೆ ನಿಂತಿದೆ. ಎಣಿಕೆ ಗಟ್ಟಿ ಇದ್ದರೆ ಜಗಳ ಮೂರು ದಿನದಲ್ಲಿ ಮುಗಿಯುತ್ತೆ. ಎಣಿಕೆಯೇ ಅಲುಗಾಡಿದರೆ ರಾಜಭವನ, ಸ್ಪೀಕರ್ ಪೀಠ, ಕೋರ್ಟು ಎಲ್ಲವೂ ಒಳಗೆ ಬರಬೇಕಾಗುತ್ತೆ.

ಯಾವುದು ಒಳ್ಳೇದು?

ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುವಾಗ ಇದೇ ಪ್ರಶ್ನೆ ಎತ್ತಿದ್ದರು. ಅವರ ವಾದ ಹೀಗಿತ್ತು: ಪ್ರಜಾಪ್ರಭುತ್ವದ ಸರ್ಕಾರಕ್ಕೆ ಸ್ಥಿರತೆಯೂ ಬೇಕು, ಹೊಣೆಗಾರಿಕೆಯೂ ಬೇಕು, ಆದರೆ ಎರಡನ್ನೂ ಸಮವಾಗಿ ಕೊಡೋ ಪದ್ಧತಿ ಇನ್ನೂ ಸಿಕ್ಕಿಲ್ಲ. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಜಾಸ್ತಿ, ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆ ಜಾಸ್ತಿ. ಕರಡು ಹೊಣೆಗಾರಿಕೆಯನ್ನ ಆರಿಸಿಕೊಂಡಿದೆ ಅಂತ ಅವರು ಹೇಳಿದರು. ನಾವು ಇಂಜಿನಿಯರಿಂಗ್‌ನವರು, ಇಂಥ ಕೊಡು-ಕೊಳ್ಳು ನಮಗೆ ಹೊಸದಲ್ಲ. ಬಲ ಜಾಸ್ತಿ ಮಾಡಿದರೆ ತೂಕ ಜಾಸ್ತಿ, ತೂಕ ಇಳಿಸಿದರೆ ಬಲ ಕಮ್ಮಿ.

ಅರೆ-ಅಧ್ಯಕ್ಷೀಯ ಪದ್ಧತಿ ಎರಡನ್ನೂ ಹಿಡಿಯೋಕೆ ಮಾಡಿದ ಪ್ರಯತ್ನ. ಪ್ರಧಾನಿ ಬಿದ್ದರೂ ಅಧ್ಯಕ್ಷರು ಇರ್ತಾರೆ, ಅಷ್ಟು ಸ್ಥಿರತೆ. ಸಂಸತ್ತು ಪ್ರಧಾನಿಯನ್ನ ಪ್ರಶ್ನಿಸಬಹುದು, ಅಷ್ಟು ಹೊಣೆಗಾರಿಕೆ. ಬೆಲೆ ಏನು ಅಂದ್ರೆ ಎರಡು ವೋಟು ಹೊಂದದಿದ್ದಾಗ ಯಾರ ಮಾತು ಕೊನೆಯದು ಅನ್ನೋದು ಪ್ರತಿ ಸಲ ಜಗಳ ಆಡಿಯೇ ತೀರ್ಮಾನ ಆಗಬೇಕು. ಮ್ಯಾಕ್ರಾನ್ 2024ರ ಜೂನ್‌ನಲ್ಲಿ ಕೆಳಮನೆ ವಿಸರ್ಜಿಸಿ ಚುನಾವಣೆಗೆ ಹೋದರು, ಯಾರಿಗೂ ಬಹುಮತ ಬರಲಿಲ್ಲ. ಆ ಡಿಸೆಂಬರ್ 4ಕ್ಕೆ ಪ್ರಧಾನಿ ಬಾರ್ನಿಯೆ ಬಿದ್ದರು, ಒಂಬತ್ತು ತಿಂಗಳಿಗೆ ಬೈರೂ ಬಿದ್ದರು. ಅಧ್ಯಕ್ಷರು ಮಾತ್ರ ಅಲ್ಲೇ.

‘ನಮಗೂ ಒಬ್ಬ ಬಲವಾದ ಅಧ್ಯಕ್ಷ ಬೇಕಪ್ಪ, ಈ ರೆಸಾರ್ಟ್ ರಾಜಕೀಯ ಸಾಕು’ ಅಂತ ಹಾಸ್ಟೆಲ್‌ನಲ್ಲಿ ಯಾರಾದರೂ ಹೇಳಿದರೆ ಮೊದಲು ಆ ಎರಡು ಪ್ರಶ್ನೆ ಕೇಳಿ. ಅವರನ್ನ ಯಾರು ಆರಿಸ್ತಾರೆ? ತಪ್ಪು ಮಾಡಿದರೆ ನಡುವೆ ಯಾರು ಇಳಿಸ್ತಾರೆ? ಎರಡನೇ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಬಲ ನಮ್ಮದಲ್ಲ.

ಈ ವಿಷಯವನ್ನೆಲ್ಲ ಕನ್ನಡದಲ್ಲಿ ಕೂತು ವಿವರಿಸೋದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮುಳಬಾಗಿಲಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿ ‘ರಾಜ್ಯಶಾಸ್ತ್ರ’ ಅಂತ ಪುಸ್ತಕವನ್ನೇ ಬರೆದಿದ್ದಾರೆ. ಕಗ್ಗ ಸ್ಟೇಟಸ್ ಹಾಕೋ ನಾವು ಅದನ್ನೂ ಒಂದ್ಸಲ ತೆಗೆದು ನೋಡಬಹುದು.

ಬರೆದದ್ದನ್ನ ಟೇಬಲ್‌ನಲ್ಲಿ ಓದಿ ಹೇಳಿದಾಗ ಮುಳಬಾಗಿಲು ಸ್ವಲ್ಪ ಹೊತ್ತು ಸುಮ್ಮನಿದ್ದ. “ಅಂದ್ರೆ 2018ರಲ್ಲಿ ನಮ್ಮಪ್ಪ ಹಾಕಿದ ಒಂದು ವೋಟು ಒಂದ್ಸಲ ಸರ್ಕಾರ ಕಟ್ಟೋಕೂ ಹೋಯ್ತು, ಇನ್ನೊಂದ್ಸಲ ಅದನ್ನೇ ಬೀಳ್ಸೋಕೂ ಹೋಯ್ತು.”

ಹೌದು. ಸಂಸದೀಯ ಪದ್ಧತಿಯಲ್ಲಿ ನಾವು ಆರಿಸೋದು ಮುಖ್ಯಮಂತ್ರಿಯನ್ನಲ್ಲ. ಮುಖ್ಯಮಂತ್ರಿಯನ್ನ ಐದು ವರ್ಷವೂ ಕೂರಿಸಬಲ್ಲ, ಇಳಿಸಬಲ್ಲ ಒಬ್ಬರನ್ನ. ಹಾಗಾಗಿ ಮುಂದಿನ ಸಲ ಪ್ರಚಾರಕ್ಕೆ ಬಂದವರನ್ನ ರಸ್ತೆ, ನೀರಿನ ಜೊತೆ ಇನ್ನೊಂದು ಮಾತೂ ಕೇಳೋಣ ಅಂತ ನಾವು ನಾಲ್ವರೂ ಮಾತಾಡ್ಕೊಂಡಿದೀವಿ: “ಅಣ್ಣಾ, 113ರ ಲೆಕ್ಕ ಬಂದಾಗ ನೀವು ಯಾವ ಕಡೆ ಕೂರ್ತೀರಾ? ಕಡೆ ಬದಲಾಯಿಸೋ ಹಾಗಿದ್ರೆ ಮೊದಲು ನಮ್ಮನ್ನ ಕೇಳ್ತೀರಾ?”